ತಣ್ಣನೆಯ ಒಲೆಯ ಸಾಕ್ಷಿ

ದೇವಿಯ ಕೊರಳು ಬರಿದಾಗಿತ್ತು.

ಈಶಾನ್ಯದ ಗಾಳಿ ಎದ್ದು ಒಂಬತ್ತನೆಯ ದಿನ, ಸಂಜೆ ನಾಲ್ಕಕ್ಕೆ ಗುಡಿಯ ಬಾಗಿಲು ತೆರೆದಾಗ ಅದನ್ನು ಮೊದಲು ಕಂಡವಳು ವೆನ್‌ಹುಯಿ. ಕಂಡೂ ಸುಮ್ಮನಿದ್ದಳು. ತೈವಾನಿನ ತೈನಾನ್ ನಗರದಲ್ಲಿ ಕಾಲೇಜು ಓದಿ ಈ ಪುಟ್ಟ ದ್ವೀಪದ ಶಾಲೆಗೆ ಟೀಚರಾಗಿ ಬಂದ ಎರಡು ವರ್ಷದಲ್ಲಿ ಅವಳು ಮಾತಿಗಿಂತ ಮೌನವನ್ನೇ ಹೆಚ್ಚು ಕಲಿತಿದ್ದಳು. ಕಣ್ಣಿಗೆ ಬಿದ್ದದ್ದನ್ನು ಒಳಗೇ ಎರಡು ಸಲ ತಿರುವಿ ನೋಡದೆ ಬಾಯಿ ಬಿಡುವವಳಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು.

"ಪದಕ ಎಲ್ಲಿ? ಅಯ್ಯೋ, ಅಮ್ಮನ ಕೊರಳಲ್ಲಿ ಪದಕಾನೇ ಇಲ್ವಲ್ಲಾ!"

ಕೆಂಪು ದಾರದಲ್ಲಿ ಪೋಣಿಸಿದ ಹನ್ನೊಂದು ಚಿನ್ನದ ಪದಕ. ಮುಳುಗಿದ ದೋಣಿಯಿಂದ ಬದುಕಿ ಬಂದ ಹನ್ನೊಂದು ಮಂದಿ ಒಬ್ಬೊಬ್ಬರಾಗಿ ಹರಕೆಯೆಂದು ಒಪ್ಪಿಸಿದ್ದವು. ಮಧ್ಯಾಹ್ನ ಒಂದಕ್ಕೆ ಊದುಬತ್ತಿ ಹಚ್ಚಿದಾಗ ಗುಡಿಯ ಹಿರಿಯ ಬೂನ್‌ಕೀ ಅವನ್ನು ಕಣ್ಣಾರೆ ಕಂಡಿದ್ದ. ಆಮೇಲೆ ಬೀಗ ಹಾಕಿದ್ದ. ಬೀಗ ಒಡೆದಿರಲಿಲ್ಲ.

ಬೀಗದ ಕೈ ಇದ್ದದ್ದು ಮೂವರ ಬಳಿ. ಒಂದು ಬೂನ್‌ಕೀಯದು. ಅವನು ಒಂದರಿಂದ ನಾಲ್ಕರವರೆಗೆ ಬಂದರಿನಲ್ಲಿ ಹತ್ತು ಜನರ ಜೊತೆ ದೋಣಿಗಳಿಗೆ ಹಗ್ಗ ಬಿಗಿಯುತ್ತಿದ್ದ. ಇನ್ನೊಂದು ಈ ವರ್ಷದ ಸೇವೆಯ ಯಜಮಾನ ಥಿಯಾನ್‌ಹೋಕ್‌ನದು. ಅವನು ಇದೀಗ ದೇವಿಗೆ ಅರ್ಪಿಸಿ ಊರಿನವರಿಗೆ ಬಡಿಸಲೆಂದು ಹಂದಿಕಾಲು-ಕಡಲೆಬೀಜದ ಸೂಪಿನ ದೊಡ್ಡ ಪಾತ್ರೆಯನ್ನು ತಳ್ಳುಗಾಡಿಯಲ್ಲಿ ತಂದು ನಿಲ್ಲಿಸಿದ್ದ. ಮುಚ್ಚಳದ ಸಂದಿಯಿಂದ ಇನ್ನೂ ಹಬೆ ಏಳುತ್ತಿತ್ತು. ಮೂರನೆಯದು ಗುಡಿ ಗುಡಿಸುವ ಲಾನ್‌ಮೋಯ್‌ಳದು. ಥಿಯಾನ್‌ಹೋಕ್‌ನ ತೀರಿಹೋದ ತಮ್ಮನ ಹೆಂಡತಿ. ತೈವಾನಿನ ಗುಡ್ಡಸೀಮೆಯ ಹಕ್ಕಾ ಜನಾಂಗದ ಹುಡುಗಿ. ಮದುವೆಯಾಗಿ ಬಂದು ಆರು ವರ್ಷವಾದರೂ ಊರಿಗೆ ಅವಳಿನ್ನೂ ಹೊರಗಿನವಳು.

"ನಾನಂತೂ ಒಂದು ಗಂಟೆಯಿಂದ ಒಲೆ ಬಿಟ್ಟು ಅಲ್ಲಾಡಿಲ್ಲ," ಎಂದ ಥಿಯಾನ್‌ಹೋಕ್. "ಮೂರು ಗಂಟೆ ಕಾಲ ಸಣ್ಣ ಉರಿ. ಬೇಕಾದ್ರೆ ಬೀಜ ಹಿಸುಕಿ ನೋಡಿ."

ಯಾರಿಗೂ ಹಿಸುಕಿ ನೋಡುವ ಅಗತ್ಯ ಬೀಳಲಿಲ್ಲ. ಹದಿನೈದು ವರ್ಷದ ಹಿಂದೆ ಇಂಥದೇ ಗಾಳಿಗೆ ಒಲೆಯ ಉರಿ ಆರಿ, ಗ್ಯಾಸು ತುಂಬಿಕೊಂಡು ಒಂದೇ ಮನೆಯ ನಾಲ್ವರು ಸತ್ತಿದ್ದರು. ಗಾಳಿಯ ಕಾಲದಲ್ಲಿ ಉರಿಯುವ ಒಲೆ ಬಿಟ್ಟು ಕದಲುವುದಿಲ್ಲವೆಂದು ಅಂದಿನಿಂದ ಇಡೀ ಊರು ದೇವಿಯ ಮುಂದೆ ಆಣೆಯಿಟ್ಟಿತ್ತು. ಈ ದ್ವೀಪದಲ್ಲಿ ಕಾಳು ಮೆತ್ತಗೆ ಬೆಂದಿದೆ ಎಂದರೆ ಅಷ್ಟು ಹೊತ್ತೂ ಒಲೆಯ ಮುಂದೆ ಒಬ್ಬರು ನಿಂತಿದ್ದರು ಎಂದೇ ಅರ್ಥ.

"ಒಂದಕ್ಕೆ ಇವರು ಒಲೆ ಹಚ್ಚಿದ್ದನ್ನ ನಾನೇ ನೋಡಿದೀನಿ," ಎಂದಳು ಅದೇ ಓಣಿಯ ಗಿಮ್‌ಚೂ. "ಆಮೇಲೆ ಎರಡೂಕಾಲಿಗೆ ಲಾನ್‌ಮೋಯ್ ಮನೆ ಕಿಟಕೀಲಿ ಇಣುಕಿದೆ, ಒಂದು ಹಿಡಿ ಉಪ್ಪು ಕೇಳೋಣ ಅಂತ. ಒಲೆ ತಣ್ಣಗೆ ಕೂತಿತ್ತು. ಕರೆದೆ, ಉತ್ತರವೇ ಇಲ್ಲ."

"ನಾನು ಒಳಕೋಣೇಲಿ ಬಲೆ ಹೊಲೀತಿದ್ದೆ," ಎಂದಳು ಲಾನ್‌ಮೋಯ್. "ಈ ಗಾಳೀಲಿ ನಿಮ್ಮ ದನಿ ಎಲ್ಲಿ ಕೇಳ್ಬೇಕು? ಅಡುಗೆ ಬೇಯ್ತಾ ಇತ್ತು."

"ಒಲೆ ಆರಿಸಿ ಅಡುಗೆ ಬೇಯಿಸ್ತಿದ್ಳಂತೆ!" ಯಾರೋ ನಕ್ಕರು. "ಪಾತ್ರೆಗೆ ರಜಾಯಿ ಹೊದಿಸಿ ಮಲಗಿಸೋ ಪೈಕಿ ಅಲ್ವಾ ಇವಳು! ಜೋಗುಳಾನೂ ಹಾಡಿದ್ಯೇನಮ್ಮ?"

ನಗು ಹರಡಿತು. ಹೋದ ತಿಂಗಳು ಮೀನುಗಾರರ ಸಂಘದ ಗೃಹಕಲೆ ತರಗತಿಯಲ್ಲೂ ಇದೇ ನಗು ಎದ್ದಿತ್ತು. ಗಾಳಿಗೆ ದೋಣಿ ನಿಂತರೆ ದ್ವೀಪಕ್ಕೆ ಗ್ಯಾಸು ಬರುವುದಿಲ್ಲ. ಆದ್ದರಿಂದ ಅರ್ಧ ಗಂಟೆ ಕುದಿಸಿ, ಒಲೆ ಆರಿಸಿ, ಪಾತ್ರೆಯನ್ನು ದಪ್ಪ ಹತ್ತಿ ರಜಾಯಿಯಲ್ಲಿ ಸುತ್ತಿಟ್ಟರೆ ಉಳಿದದ್ದು ತಾನೇ ಬೇಯುತ್ತದೆ ಎಂದು ಲಾನ್‌ಮೋಯ್ ತೋರಿಸಲು ಹೊರಟಿದ್ದಳು. ಜಿಪುಣಿಯ ಬುದ್ಧಿ ಎಂದು ಎಲ್ಲರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ಥಿಯಾನ್‌ಹೋಕ್ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಪಾತ್ರೆ ಬಿಚ್ಚುವವರೆಗೂ ಯಾರೂ ಕಾಯಲಿಲ್ಲ. ವೆನ್‌ಹುಯಿ ನಕ್ಕಿರಲಿಲ್ಲ, ಆದರೆ ನಗಬೇಡಿ ಎಂದೂ ಹೇಳಿರಲಿಲ್ಲ.

ಬೂನ್‌ಕೀ ದೇವಿಯ ಉತ್ತರ ಕೇಳಲು ನೆಲಕ್ಕೆ ಎಸೆಯುವ, ಅರ್ಧಚಂದ್ರಾಕಾರದ ಎರಡು ಕೆಂಪು ಮರದ ತುಂಡುಗಳನ್ನು ಎತ್ತಿ ಚಾಚಿದ. "ಮಂಡಿಯೂರಿ ಮೂರು ಸಲ ಎಸೆಯಮ್ಮ. ಅಮ್ಮನೇ ಹೇಳ್ತಾಳೆ."

"ಎಸೆಯಲ್ಲ."

"ಏನಂದೆ?"

"ಅಮ್ಮನ ಮುಂದೆ ದಿನಾ ಬೆಳಿಗ್ಗೆ ಮಂಡಿಯೂರ್ತೀನಿ, ನೆಲ ಒರೆಸೋವಾಗ. ನಿಮ್ಮ ಅನುಮಾನದ ಮುಂದೆ ಊರಲ್ಲ. ಎಸೆಯೋದಾದ್ರೆ ಮೂರು ಕೀಲಿಯವರೂ ಎಸೀಲಿ. ನಾನೊಬ್ಳೇ ಯಾಕೆ?"

ಬೂನ್‌ಕೀಯ ಮುಖ ಕೆಂಪೇರಿತು. "ಹಾಗಾದ್ರೆ ಗಾಳಿ ಇಳಿದ ದಿನ ಮೊದಲನೇ ದೋಣೀಲಿ ನೀನು ಹೊರಡ್ತೀಯ. ಈ ಊರಿನ ಋಣ ಮುಗೀತು."

"ಅವಳ ಮನೆ ಶೋಧಿಸೋಣ," ಎಂದ ಥಿಯಾನ್‌ಹೋಕ್ ಮೆಲ್ಲಗೆ. "ಈಗಲೇ ಬೇಡ. ಪ್ರಸಾದ ಮುಗೀಲಿ. ನಾಳೆ ಬೆಳಿಗ್ಗೆ ನೋಡಿದರಾಯ್ತು."

"ಅಷ್ಟರವರೆಗೆ ಬಾಗಿಲು ಕಾಯೋರ್ಯಾರು?"

ಮಾತು ಬಂದದ್ದು ಹೊಸ್ತಿಲಿನಿಂದ. ಬೋತಾನಜ್ಜಿ ನಿಂತಿದ್ದಳು, ತಲೆಗೆ ಬಿಗಿದ ಬಟ್ಟೆ, ಕೈಯಲ್ಲಿ ತೂಗುಕೋಲು. ಅರವತ್ಮೂರು ವರ್ಷದ ಈ ವಿಧವೆ ದ್ವೀಪದ ಏಕೈಕ ಗ್ಯಾಸಿನಂಗಡಿಯ ಒಡತಿ. ಮೂವತ್ತು ವರ್ಷ ಸಿಲಿಂಡರ್ ಹೊತ್ತು ಒಂದು ಭುಜ ಇನ್ನೊಂದಕ್ಕಿಂತ ತಗ್ಗಾಗಿತ್ತು. ಯಾರ ಮನೆಯ ಒಲೆಯಲ್ಲಿ ಎಷ್ಟು ಉರಿಯುತ್ತದೆ, ಯಾರ ಮನೆಯಲ್ಲಿ ಯಾವ ದಿನ ಜಗಳವಾಗಿ ಅನ್ನ ಬೇಯಲಿಲ್ಲ ಎಂಬುದೆಲ್ಲ ಅವಳಿಗೆ ತಿಳಿದಿತ್ತು. ಕಳೆದುಹೋದ ದೋಣಿ ಎಂಜಿನ್ನು, ವಿಷ ತಿಂದ ಮೇಕೆ, ಹೆಸರಿಲ್ಲದ ಪತ್ರ — ದ್ವೀಪದ ಗೋಜಲುಗಳೆಲ್ಲ ಕೊನೆಗೆ ಅವಳ ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದವು. ವೆನ್‌ಹುಯಿ ಅವಳ ಮನೆಯ ಮಾಳಿಗೆಯಲ್ಲೇ ಬಾಡಿಗೆಗಿದ್ದಳು. ಆ ಗೋಜಲುಗಳ ಇನ್ನೊಂದು ತುದಿ ಹಿಡಿಯುವುದು ಎಷ್ಟೋ ಸಲ ಅವಳ ಪಾಲಿಗೆ ಬರುತ್ತಿತ್ತು.

"ಬಾಗಿಲಿಗೆ ನಾನೇ ಮುದ್ರೆ ಒತ್ತುತೀನಿ," ಎಂದಳು ಅಜ್ಜಿ. "ಸಿಲಿಂಡರ್‌ಗೆ ಹಾಕೋ ಸೀಸದ ಮುದ್ರೆ. ಹುಡುಗಿ ನನ್ನ ಮನೇಲಿರ್ತಾಳೆ. ಒಬ್ರೂ ಒಳಗೆ ಹೋಗೋ ಹಾಗಿಲ್ಲ, ಒಂದು ಸೂಜಿ ಕೂಡ."

ಥಿಯಾನ್‌ಹೋಕ್ ಪಾತ್ರೆಯ ಮುಚ್ಚಳವನ್ನು ಎತ್ತಿ, ಮತ್ತೆ ಮುಚ್ಚಿದ.

ದೇವಿಗೆ ಅರ್ಪಿಸಿದ ಅಡುಗೆಯನ್ನು ಹಿಂದಕ್ಕೆ ಒಯ್ಯುವಂತಿರಲಿಲ್ಲ. ಎಲ್ಲರೂ ಕೂತು ಉಂಡರು. ಪಾತ್ರೆ ಕಂಠದವರೆಗೂ ತುಂಬಿತ್ತು, ಬಡಿಸುವವನು ಸೌಟು ಅದ್ದಿದಾಗ ಅಂಚಿನಿಂದ ತುಳುಕಿತು. ವೆನ್‌ಹುಯಿ ತನ್ನ ಬಟ್ಟಲನ್ನೇ ನೋಡುತ್ತ ಕೂತಳು. ಸೂಪು ತಿಳಿಯಾಗಿತ್ತು, ಬಟ್ಟಲಿನ ತಳದ ನೀಲಿ ಮೀನಿನ ಚಿತ್ರ ಕಾಣುತ್ತಿತ್ತು. ಕಡಲೆಬೀಜಗಳು ಇಡಿಯಾಗಿ, ಸಿಪ್ಪೆ ಸಮೇತ ನಿಂತಿದ್ದವು. ನಾಲಗೆಗೆ ಇಟ್ಟರೆ ಬೆಣ್ಣೆ. ಎದುರು ಕೂತ ಅಜ್ಜಿಯೂ ಬಟ್ಟಲನ್ನೇ ನೋಡುತ್ತಿದ್ದಳು.

ಊಟವಾದ ಮೇಲೆ ಇಬ್ಬರೂ ಥಿಯಾನ್‌ಹೋಕ್‌ನ ಅಂಗಳದಿಂದ ಸಿಲಿಂಡರ್ ಎತ್ತಲು ಹೋದರು. ದೋಣಿ ನಿಂತ ದಿನಗಳಲ್ಲಿ ಕೊನೆಯ ಎರಡು ಸಿಲಿಂಡರ್‌ಗಳು ಮನೆಯಿಂದ ಮನೆಗೆ ಸರದಿಯ ಮೇಲೆ ಹೋಗುವುದು ಊರಿನ ಕ್ರಮ. ಕೊಡುವಾಗ ಒಮ್ಮೆ, ಹಿಂದಕ್ಕೆ ಪಡೆಯುವಾಗ ಒಮ್ಮೆ ತೂಕ. ಮಧ್ಯಾಹ್ನ ಇದೇ ಅಂಗಳದಲ್ಲಿ ತೂಗುಕೋಲನ್ನು ಇಳಿಬಿಡುವ ಬೊಂಬಿನ ಒಂದು ತುದಿಗೆ ವೆನ್‌ಹುಯಿಯೇ ಭುಜ ಕೊಟ್ಟಿದ್ದಳು. ಈಗ ಮತ್ತೆ ಕೊಟ್ಟಳು. ಅಜ್ಜಿ ತೂಕದ ಗುಂಡನ್ನು ಸರಿಸಿ, ಗೀಟು ನೋಡಿ, ಗುಂಡನ್ನು ತೆಗೆದು ಇನ್ನೊಮ್ಮೆ ಇಟ್ಟಳು.

"ಎಷ್ಟು, ಟೀಚರಮ್ಮ?"

"ಮಧ್ಯಾಹ್ನಕ್ಕಿಂತ ಕಾಲು ಕಿಲೋ ಕಡಿಮೆ."

"ಹ್ಞೂಂ," ಎಂದಳು ಅಜ್ಜಿ. ದಾರಿಯುದ್ದಕ್ಕೂ ಮತ್ತೊಂದು ಮಾತಿಲ್ಲ. ವೆನ್‌ಹುಯಿಗೆ ಮೌನದ ಬಗೆಗಳು ಗೊತ್ತಿದ್ದವು. ಇದು ಖಾಲಿ ಮೌನವಲ್ಲ, ಮುಚ್ಚಳ ಬಿಗಿದ ಮೌನ.

ಮನೆಯಲ್ಲಿ ಲಾನ್‌ಮೋಯ್ ಗೋಡೆಗೆ ಒರಗಿ ಕೂತಿದ್ದಳು. ಅಜ್ಜಿ ಮುಂದಿಟ್ಟ ಗಂಜಿಯನ್ನು ಮುಟ್ಟಲಿಲ್ಲ.

"ತಿನ್ನೇ. ಹಸಿದ ಹೊಟ್ಟೇಲಿ ಜಗಳ ಆಡಕ್ಕಾಗಲ್ಲ."

"ನನ್ನನ್ನ ಚಿನ್ನದ ಕಳ್ಳಿ ಅಂದ್ರು ಅಂತ ನೋವಿಲ್ಲ ಅಜ್ಜಿ. ದೋಣಿ ಹತ್ತಿಸ್ತಾರಂತೆ. ನನ್ನ ಗಂಡನ್ನ ತಿಂದ ಸಮುದ್ರ ಇಲ್ಲಿದೆ. ಅವನು ಅಪ್ಪನ ಜೊತೆ ಕಲ್ಲು ಹೊತ್ತು ಕಟ್ಟಿದ ಮೀನುಕಟ್ಟೆ ಇಲ್ಲಿದೆ. ನಾನ್ಯಾಕೆ ಹೋಗ್ಲಿ?"

"ಮೀನುಕಟ್ಟೆ ಸರದಿ ನಿನ್ನ ಹೆಸರಲ್ಲೇ ಇದೆಯಲ್ವಾ?"

"ಹೌದು. ಹತ್ತು ದಿನಕ್ಕೊಂದು ಸಲ."

ಕಡಲಿನಲ್ಲಿ ಕಲ್ಲು ಪೇರಿಸಿ ಕಟ್ಟಿದ ಆ ಕಟ್ಟೆಯೊಳಗೆ ಭರತದಲ್ಲಿ ಬಂದ ಮೀನು ಇಳಿತದಲ್ಲಿ ಸಿಕ್ಕಿಬೀಳುತ್ತಿತ್ತು. ಈ ಗಾಳಿಯ ಕಾಲದಲ್ಲೇ ಮೀನು ಹೆಚ್ಚು. ಅಂದಿನ ಮೀನು ಅಂದಿನ ಸರದಿಯವರದು.

"ನೀನು ಊರು ಬಿಟ್ರೆ ಸರದಿ ಯಾರಿಗೆ?"

"ಕ್ರಮದ ಪ್ರಕಾರ ಹತ್ತಿರದ ರಕ್ತಕ್ಕೆ. ಭಾವನಿಗೆ." ಹೇಳಿದ ಮೇಲೆ ಲಾನ್‌ಮೋಯ್ ತಲೆಯೆತ್ತಿದಳು. "ಆದ್ರೆ ಭಾವ ಒಲೆ ಮುಂದೆ ಇದ್ರಲ್ಲ ಅಜ್ಜಿ. ಆಣೆ ಮುರಿಯೋ ಮನುಷ್ಯ ಅಲ್ಲ ಅವರು."

"ಅಲ್ಲ ಬಿಡು," ಎಂದು ಅಜ್ಜಿ ಎದ್ದು ಎರಡು ಸೇರು ಕಡಲೆಬೀಜವನ್ನು ನೀರಿಗೆ ಹಾಕಿದಳು.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಬೋತಾನಜ್ಜಿ ಮನೆಯ ಶೋಧನೆಯನ್ನು ಮಧ್ಯಾಹ್ನಕ್ಕೆ ಮುಂದೂಡಿಸಿ, ಗುಡಿಯ ಜಗಲಿಯಲ್ಲೇ ಒಲೆ ಹೂಡಿಸಿದಳು. ಥಿಯಾನ್‌ಹೋಕ್‌ನ ಅದೇ ಪಾತ್ರೆ, ಅದೇ ಸಿಲಿಂಡರ್. ಹೂಡುವ ಮುಂಚೆ ಬೂನ್‌ಕೀ ಎದುರಿಗೆ ಸಿಲಿಂಡರ್ ತೂಗಿಸಿದಳು. ನೆನೆದ ಬೀಜ ಹಾಕಿ, ಕಂಠದವರೆಗೆ ನೀರು ತುಂಬಿ ಮುಚ್ಚಳ ಮುಚ್ಚಿದವಳು ಲಾನ್‌ಮೋಯ್. ಅರ್ಧ ಗಂಟೆ ಕಳೆದದ್ದೇ ಒಲೆ ಆರಿಸಿ, ಪಾತ್ರೆಯನ್ನು ಅಜ್ಜಿಯ ರಜಾಯಿಯಲ್ಲಿ ಮಗುವಿನಂತೆ ಸುತ್ತಿದಳು.

"ಪಾತ್ರೆ ದೊಡ್ಡದಾಯ್ತು, ಒಂದು ರಜಾಯಿ ಸಾಲದು," ಎಂದಳು ಅಜ್ಜಿ. "ಥಿಯಾನ್‌ಹೋಕ್, ನಿನ್ನದೊಂದು ತಾರಪ್ಪ."

ಅವನು ಹೋಗಿ ತಂದದ್ದು ತೆಳ್ಳನೆಯ ಉಣ್ಣೆಯ ಹೊದಿಕೆ. ಅಜ್ಜಿ ಅದನ್ನು ಬೆರಳಲ್ಲಿ ಉಜ್ಜಿ ನೋಡಿ, ಥ್ಯಾಂಕ್ಸ್ ಕೂಡ ಹೇಳದೆ ಪಾತ್ರೆಗೆ ಹೊದಿಸಿದಳು. "ಒಂದೂವರೆಗೆ ಊರೆಲ್ಲ ಇಲ್ಲಿ ಸೇರ್ಲಿ, ಬೂನ್‌ಕೀ. ಅಲ್ಲೀವರೆಗೆ ನೀನು ಈ ಗಂಟಿನ ಪಕ್ಕ ಬಿಟ್ಟು ಏಳಬಾರದು."

ಒಂದೂವರೆಗೆ ಗುಡಿ ತುಂಬಿತು. ಹೊರಗೆ ಗಾಳಿ ಹಂಚುಗಳನ್ನು ಗಲಗಲ ಆಡಿಸುತ್ತಿತ್ತು. ಲಾನ್‌ಮೋಯ್ ಕಂಬದ ಬಳಿ ನಿಂತಿದ್ದಳು. ಕೂರಲು ಹೇಳಿದರೂ ಕೂರಲಿಲ್ಲ.

"ನಿನ್ನೆ ನಾವೆಲ್ಲ ಎರಡು ಒಲೆಗಳ ಸಾಕ್ಷಿ ಕೇಳಿದ್ವಿ," ಎಂದು ಅಜ್ಜಿ ಶುರುಮಾಡಿದಳು. "ಒಂದು ಒಲೆ ತಣ್ಣಗಿತ್ತು, ಅದಕ್ಕೆ ಮನೇಲಿ ಯಾರೂ ಇಲ್ಲ ಅಂದ್ವಿ. ಇನ್ನೊಂದು ಒಲೆ ಸೂಪು ಮೆತ್ತಗೆ ಬೇಯಿಸಿತ್ತು, ಅದಕ್ಕೆ ಒಬ್ಬ ಅಲ್ಲೇ ನಿಂತಿದ್ದ ಅಂದ್ವಿ. ಟೀಚರಮ್ಮ, ಆ ಸೂಪು ಹೆಂಗಿತ್ತು?"

ಎಲ್ಲರ ಕಣ್ಣೂ ತನ್ನತ್ತ ತಿರುಗಿದಾಗ ವೆನ್‌ಹುಯಿಯ ಕಿವಿ ಬಿಸಿಯಾಯಿತು. ಸುಮ್ಮನಿರುವುದು ಎಷ್ಟು ಸುಲಭ ಎಂದು ಅವಳಿಗೆ ಗೊತ್ತಿತ್ತು. ಎದ್ದು ನಿಂತಳು.

"ತಿಳಿಯಾಗಿತ್ತು. ಬಟ್ಟಲ ತಳ ಕಾಣ್ತಿತ್ತು. ಬೀಜ ಒಂದೂ ಒಡೆದಿರಲಿಲ್ಲ. ಪಾತ್ರೆ ಕಂಠದವರೆಗೆ ತುಂಬಿತ್ತು."

"ಮೂರು ಗಂಟೆ ಒಲೆ ಮೇಲೆ ಕುದ್ದ ಹಂದಿಕಾಲು ಸೂಪು ಹೆಂಗಿರುತ್ತೆ, ಗಿಮ್‌ಚೂ? ನೀನು ಇಪ್ಪತ್ತು ವರ್ಷದಿಂದ ಮಾಡ್ತಿದೀಯ."

ಗಿಮ್‌ಚೂ ತಡವರಿಸಿದಳು. "ಹಾಲಿನ ಹಾಗೆ ಬೆಳ್ಳಗಾಗುತ್ತೆ. ಬೀಜ ಸಿಪ್ಪೆ ಬಿಟ್ಟು ಎರಡು ಹೋಳಾಗುತ್ತೆ. ನೀರು... ನಾಲ್ಕು ಬೆರಳು ಇಳಿಯುತ್ತೆ."

"ಮಧ್ಯೆ ನೀರು ಸುರಿದೆ!" ಎಂದ ಥಿಯಾನ್‌ಹೋಕ್.

"ಸುರಿದಿರಬಹುದು. ಗ್ಯಾಸನ್ನೂ ವಾಪಸು ಸುರಿದ್ಯಾ?" ಅಜ್ಜಿ ತೂಗುಕೋಲನ್ನು ನೆಲಕ್ಕೆ ಊರಿದಳು. "ಹೋದ ವರ್ಷದ ಸೇವೇಲಿ ಇದೇ ಒಲೆ, ಇದೇ ಪಾತ್ರೆ, ಇದೇ ಸೂಪು. ಮೂರು ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಗ್ಯಾಸು ತಿಂದಿತ್ತು. ನಿನ್ನೆ ತಿಂದಿದ್ದು ಕಾಲು ಕಿಲೋ. ಬೂನ್‌ಕೀ, ಇವತ್ತು ಅರ್ಧ ಗಂಟೆ ಉರಿಸಿದ ಸಿಲಿಂಡರ್ ತೂಗು."

ಬೂನ್‌ಕೀ ತೂಗಿದ. ಗುಂಡು ನಿಂತ ಗೀಟನ್ನು ತಾನೇ ಗಟ್ಟಿಯಾಗಿ ಓದಿದ. ಬೆಳಗಿಗಿಂತ ಕಾಲು ಕಿಲೋ ಕಡಿಮೆ.

"ಇವನು ಆಣೆ ಮುರೀಲಿಲ್ಲ," ಎಂದಳು ಅಜ್ಜಿ. "ಉರಿಯೋ ಒಲೆ ಬಿಟ್ಟು ಹೋಗ್ಲಿಲ್ಲ. ಆರಿಸಿಯೇ ಹೋದ. ಅರ್ಧ ಗಂಟೆ ಕುದಿಸಿ, ಪಾತ್ರೇನ ರಜಾಯೀಲಿ ಮಲಗಿಸಿ, ಗುಡಿ ಬಾಗಿಲು ತೆಗೆದ. ಯಾವ ಹುಡುಗಿ ಹೇಳಿಕೊಟ್ಟಾಗ ಹೊಟ್ಟೆ ಹಿಡ್ಕೊಂಡು ನಕ್ಕಿದ್ನೋ, ಅವಳ ಪಾಠಾನೇ ಸರಿಯಾಗಿ ಕಲ್ತವನು ಇಡೀ ಊರಲ್ಲಿ ಇವನೊಬ್ನೇ. ತೂಕದ ಭಯ ಯಾಕಿರ್ಲಿಲ್ಲ ಗೊತ್ತಾ? ಮೂವತ್ತು ವರ್ಷದಲ್ಲಿ ಗ್ಯಾಸು ಜಾಸ್ತಿ ಖರ್ಚಾಯ್ತು ಅಂತ ನನ್ನ ಹತ್ರ ಕೂಗಾಡಿದೋರು ಉಂಟು. ಕಮ್ಮಿ ಯಾಕಾಯ್ತು ಅಂತ ಕೇಳಿದೋರು ಒಬ್ರೂ ಇಲ್ಲ."

"ಗ್ಯಾಸು ಉಳಿಸಿದ್ದು ತಪ್ಪಾ?" ಥಿಯಾನ್‌ಹೋಕ್‌ನ ದನಿ ಏರಿತು. "ಆಯ್ತು, ರಜಾಯಿ ಸುತ್ತಿದೆ. ನಾಚಿಕೆಯಾಗಿ ಹೇಳ್ಲಿಲ್ಲ. ಅಷ್ಟಕ್ಕೇ ಕಳ್ಳನಾ? ಚಿನ್ನ ತಗೊಂಡು ನಾನೇನು ಮಾಡ್ಲಿ?"

"ಚಿನ್ನ ನಿಂಗೆ ಬೇಕಿರ್ಲಿಲ್ಲ. ಇವಳ ಮನೇಲಿ ಅದು ಸಿಗಬೇಕಿತ್ತು. ಇವಳು ದೋಣಿ ಹತ್ತಿದ್ರೆ ಮೀನುಕಟ್ಟೆ ಸರದಿ ನಿಂಗೆ. ನಿನ್ನೆ ಗುಡಿಯಿಂದ ನೆಟ್ಟಗೆ ಇವಳ ಮನೆಗೆ ಹೋದೆ. ಆದ್ರೆ ಇವಳು ಒಳಗೇ ಇದ್ಳು, ಹೇಳಿದ ಹಾಗೇ, ಬಲೆ ಹೊಲೀತಾ. ಇಡಕ್ಕಾಗ್ಲಿಲ್ಲ. ಅದಕ್ಕೇ ಶೋಧನೆ ನಾಳೆ ಬೆಳಿಗ್ಗೆ ಅಂದೆ, ಮಧ್ಯೆ ಒಂದಿಷ್ಟು ಹೊತ್ತು ಸಿಗ್ಲಿ ಅಂತ. ನಾನು ಮುದ್ರೆ ಒತ್ತಿಬಿಟ್ಟೆ. ಅಂದ್ಮೇಲೆ ಚಿನ್ನ ಇನ್ನೂ ನಿನ್ನ ಹತ್ರಾನೇ ಇದೆ."

"ಎಲ್ಲಿದೆ? ತೋರ್ಸಿ!"

"ಈ ಗಾಳೀಲಿ ಉಣ್ಣೆ ಹೊದಿಕೇಲಿ ಮಲಗ್ತೀಯೇನಪ್ಪ? ನಿನ್ನ ಹೆಂಡತಿ ಮಗಳ ಬಾಣಂತನಕ್ಕೆ ಹೋಗೋ ಮುಂಚೆ ಹೊಸ ಹತ್ತಿ ತುಂಬಿಸಿದ ರಜಾಯಿ ಎಲ್ಲಿ? ಬೆಳಿಗ್ಗೆ ಅದನ್ನ ಯಾಕೆ ತರ್ಲಿಲ್ಲ?"

"ಅದು... ಮಗಳಿಗೆ ಕಳಿಸಕ್ಕೆ ಕಟ್ಟಿಟ್ಟಿದೀನಿ."

"ಮಸಿ ಹತ್ತಿದ ರಜಾಯೀನ ಬಾಣಂತಿಗೆ ಕಳಿಸ್ತೀಯಾ? ಗಿಮ್‌ಚೂ, ಓಡು. ಅಲ್ಲಿ ಇಣುಕೋದು ಬೇಡ, ನೇರ ಒಳಗೇ ಹೋಗು. ಬೂನ್‌ಕೀ ಮಗನ್ನ ಜೊತೆಗೆ ಕರ್ಕೊಂಡು ಹೋಗು."

ಥಿಯಾನ್‌ಹೋಕ್ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಅಲ್ಲಿ ನಿಂತಿದ್ದ ನಾಲ್ವರು ಮೀನುಗಾರರು ಕದಲಲಿಲ್ಲ.

ಗಿಮ್‌ಚೂ ಎರಡು ಕೈಯಲ್ಲಿ ರಜಾಯಿ ತಬ್ಬಿಕೊಂಡು ಬಂದಳು. ಮಧ್ಯದಲ್ಲಿ ಪಾತ್ರೆಯ ತಳದಷ್ಟೇ ಅಗಲದ ಮಸಿಯ ಬಳೆ. ಹತ್ತಿಗೆ ಹಂದಿಕಾಲು ಮಸಾಲೆಯ ಘಮ ಹತ್ತಿಕೊಂಡಿತ್ತು. ಒಂದು ಮೂಲೆಯ ಹೊಲಿಗೆ ಮಾತ್ರ ಉಳಿದ ಮೂರರಂತಿರಲಿಲ್ಲ. ನೀಲಿ ಬಲೆದಾರ, ಮೀನುಗಾರನ ಗಂಟು. ಬೂನ್‌ಕೀ ಚಾಕು ತೆಗೆದು ದಾರ ಕತ್ತರಿಸಿದ. ಹತ್ತಿಯೊಳಗಿಂದ ಕೆಂಪು ದಾರ ಹೊರಬಂತು, ದಾರದ ಹಿಂದೆ ಒಂದೊಂದಾಗಿ ಹನ್ನೊಂದು ಪದಕ.

ಥಿಯಾನ್‌ಹೋಕ್ ಪದಕಗಳಿಂದ ಮುಖ ತಿರುಗಿಸಿದ. "ಆ ಕಟ್ಟೆಯ ಕಲ್ಲು ನಮ್ಮಪ್ಪ ಹೊತ್ತಿದ್ದು," ಎಂದ, ಯಾರಿಗೋ ಎಂಬಂತೆ. "ಹೊರಗಿನವಳ ಬುಟ್ಟೀಲಿ ನಮ್ಮಪ್ಪನ ಮೀನು ಹೋಗೋದನ್ನ ನೋಡಕ್ಕಾಗ್ಲಿಲ್ಲ."

ಲಾನ್‌ಮೋಯ್ ಅವನನ್ನು ನೋಡಲಿಲ್ಲ. ಗಂಟಿನ ಬಳಿಗೆ ಹೋಗಿ ಹೊದಿಕೆ ಬಿಚ್ಚಿ, ರಜಾಯಿ ಬಿಚ್ಚಿ, ಮುಚ್ಚಳ ತೆಗೆದಳು. ಹಬೆ ಭಗ್ಗನೆ ದೇವಿಯ ಮುಖದವರೆಗೂ ಎದ್ದಿತು. ಒಂದು ಬೀಜವನ್ನು ಎತ್ತಿ, ನಿನ್ನೆ ಜೋಗುಳದ ಮಾತಾಡಿದ್ದವನ ಮುಂದೆ ಹಿಡಿದಳು. ಅವನು ತಲೆ ತಗ್ಗಿಸಿ ಬಾಯಿಗೆ ಹಾಕಿಕೊಂಡ.

"ಬೆಂದಿದ್ಯಾ?"

"ಬೆಂದಿದೆ, ಅಕ್ಕ."

ಬೂನ್‌ಕೀ ಕೆಂಪು ಮರದ ತುಂಡುಗಳನ್ನು ದೇವಿಯ ಪಾದದಲ್ಲಿ ಇಟ್ಟು ಲಾನ್‌ಮೋಯ್‌ಗೆ ಕೈ ಮುಗಿದ. "ತಪ್ಪಾಯ್ತಮ್ಮ. ಮೊದಲನೇ ದೋಣೀಲಿ ಇವನು ಹೊರಡ್ತಾನೆ. ನೀನು ಒಂದ್ಸಲ ಅಮ್ಮನ ಮುಂದೆ ಮಂಡಿಯೂರಿ, ಮನಸ್ಸಲ್ಲಿ ಏನೂ ಇಲ್ಲ ಅಂತ ಹೇಳಿಬಿಡು. ಊರಿಗೂ ಸಮಾಧಾನ."

"ಮಂಡಿ ಊರಲ್ಲ ಅಂದಿದ್ದೆ. ಈಗಲೂ ಊರಲ್ಲ," ಎಂದಳು ಲಾನ್‌ಮೋಯ್. "ಮನಸ್ಸಲ್ಲಿ ತುಂಬಾ ಇದೆ. ನಿಮ್ಮ ಸಮಾಧಾನಕ್ಕೆ ಅದನ್ನ ಗುಡಿಸಿ ಹಾಕಲ್ಲ. ಮತ್ತೆ ಇವರನ್ನ ಕಳಿಸ್ಬೇಡಿ."

"ಏನು?"

ಅವಳು ಈಗ ಥಿಯಾನ್‌ಹೋಕ್‌ನತ್ತ ತಿರುಗಿದಳು. "ನಾಳೆ ಇಳಿತಕ್ಕೆ ನನ್ನ ಸರದಿ, ಭಾವ. ನೀವು ಇಲ್ಲೇ ಇರಿ. ಹತ್ತು ದಿನಕ್ಕೊಂದ್ಸಲ ನಾನು ಬುಟ್ಟಿ ಹೊತ್ತು ನಿಮ್ಮ ಬಾಗಿಲ ಮುಂದೇನೇ ಬರ್ತೀನಿ. ಪ್ರತಿ ಸಲ ನೋಡಿ, ಕಣ್ಣಿಗೆ ಅಭ್ಯಾಸ ಆಗ್ಲಿ."

ಮಾರನೆಯ ದಿನವೂ ಗಾಳಿ ಇಳಿಯಲಿಲ್ಲ. ಶಾಲೆ ಬಿಟ್ಟ ಮೇಲೆ ವೆನ್‌ಹುಯಿ ಕಡಲದಂಡೆಗೆ ಹೋದಳು. ಕಟ್ಟೆಯೊಳಗೆ ಮೊಳಕಾಲುದ್ದ ನೀರಿನಲ್ಲಿ ಲಾನ್‌ಮೋಯ್ ಒಬ್ಬಳೇ ಬಾಗಿ ಬಲೆ ಎಳೆಯುತ್ತಿದ್ದಳು. ವೆನ್‌ಹುಯಿ ಚಪ್ಪಲಿ ಕಳಚಿ, ಲಂಗ ಎತ್ತಿ ಕಟ್ಟಿ ನೀರಿಗಿಳಿದಳು.

"ಅವತ್ತು ತರಗತೀಲಿ ನಾನು ಬಾಯಿ ಬಿಡಬೇಕಿತ್ತು," ಎಂದಳು.

"ಬಿಡಬೇಕಿತ್ತು," ಎಂದಳು ಲಾನ್‌ಮೋಯ್, ಮುಖ ನೋಡದೆ. "ಆ ತುದಿ ಹಿಡೀರಿ."

ಇಬ್ಬರೂ ಬುಟ್ಟಿಯ ಒಂದೊಂದು ಕಿವಿ ಹಿಡಿದು ಓಣಿ ಹತ್ತಿದರು. ಥಿಯಾನ್‌ಹೋಕ್‌ನ ಬಾಗಿಲು ಮುಚ್ಚಿತ್ತು, ಕಿಟಕಿ ಮಾತ್ರ ಒಂದು ಬೆರಳಷ್ಟು ತೆರೆದಿತ್ತು. ಲಾನ್‌ಮೋಯ್ ಅಲ್ಲಿ ಬುಟ್ಟಿಯನ್ನು ಕೆಳಗಿಳಿಸಿ, ಅವಸರವಿಲ್ಲದೆ ತಲೆಯ ಬಟ್ಟೆ ಬಿಗಿದುಕೊಂಡಳು. ಆಮೇಲೆ ಮತ್ತೆ ಎತ್ತಿಕೊಂಡಳು. ಗಿಮ್‌ಚೂಳ ಕಿಟಕಿಯಲ್ಲಿ ಒಲೆ ತಣ್ಣಗೆ ಕೂತಿತ್ತು. ಪಕ್ಕದ ಮಣೆಯ ಮೇಲೆ ದಪ್ಪ ರಜಾಯಿಯ ಒಂದು ಗಂಟು.